ಫೈಬರ್‌ಗ್ಲಾಸ್ ಸಂದಿಗೆಲ್ಲ ಪುಟ್ಟಿಯೇ ಮದ್ದಲ್ಲ

ಪ್ರಶ್ನೆ: ನನ್ನ ಹಳೆಯ ಮಾರುತಿ 800ಕ್ಕೆ ನಾನೇ ಅಚ್ಚು ಮಾಡಿ ಫೈಬರ್‌ಗ್ಲಾಸ್ ಫ್ಲೇರ್‌ಗಳನ್ನು (ಚಕ್ರದ ಮೇಲೆ ಹೊರಚಾಚುವ ಅಂಚುಗಳನ್ನು) ತೆಗೆದಿದ್ದೇನೆ. ಚಕ್ರದ ಮೇಲೆ ಕೂರಿಸಿದಾಗ ಫೆಂಡರ್‌ಗೂ ಫ್ಲೇರ್‌ಗೂ ನಡುವೆ ಕೆಲವು ಕಡೆ 4 ಮಿ.ಮೀ., ಒಂದು ಮೂಲೆಯಲ್ಲಿ 15 ಮಿ.ಮೀ. ಸಂದು ಉಳಿಯಿತು. ಪುಟ್ಟಿ ತುಂಬಿ, ತಿಕ್ಕಿ, ಬಣ್ಣ ಹೊಡೆಸಿದೆ. ಮೊದಲು ಚೆನ್ನಾಗಿಯೇ ಇತ್ತು. ಈಗ ಆ ಗೆರೆಯ ಉದ್ದಕ್ಕೂ ಬಿರುಕು ಬಿಟ್ಟಿದೆ. ಇನ್ನೂ ಒಳ್ಳೆಯ ಪುಟ್ಟಿ ಹಾಕಿದರೆ ಸರಿಹೋಗುತ್ತಾ? (ಹಾಸನದ ಓದುಗರು)

ಉತ್ತರ: ಹೋಗುವುದಿಲ್ಲ. ತಪ್ಪು ಪುಟ್ಟಿಯದಲ್ಲ, ಜಾಗದ್ದು. ಫೆಂಡರ್ ಕಬ್ಬಿಣದ ತಗಡು, ಫ್ಲೇರ್ ಫೈಬರ್‌ಗ್ಲಾಸ್. ಬಿಸಿಲಿಗೆ ನಿಲ್ಲಿಸಿದರೆ ಎರಡೂ ಹಿಗ್ಗುತ್ತವೆ, ಆದರೆ ಒಂದೇ ಅಳತೆಯಲ್ಲಿ ಅಲ್ಲ. ಓಡುವಾಗ ಎರಡೂ ಬೇರೆ ಬೇರೆ ರೀತಿ ಅದುರುತ್ತವೆ. ನಡುವೆ ಸಿಕ್ಕಿಕೊಂಡ ಪುಟ್ಟಿ ಅಂದರೆ ಪಾಲಿಯೆಸ್ಟರ್ ರೆಸಿನ್ (ಹಾರ್ಡನರ್ ಸೇರಿಸಿದಾಗ ಗಟ್ಟಿಯಾಗುವ ಅಂಟು ದ್ರವ) ಮತ್ತು ಟಾಲ್ಕ್ ಪುಡಿಯ ಮಿಶ್ರಣ, ಅಷ್ಟೇ. ಅದರಲ್ಲಿ ನಾರಿಲ್ಲ, ಎಳೆತ ತಡೆಯುವ ಶಕ್ತಿ ಇಲ್ಲ. 2-3 ಮಿ.ಮೀ. ದಪ್ಪಕ್ಕಿಂತ ಜಾಸ್ತಿ ಹಾಕುವ ವಸ್ತುವೇ ಅಲ್ಲ ಅದು. ನೀವು 15 ಮಿ.ಮೀ. ತುಂಬಿದ್ದೀರಿ.

ಮೊದಲು ಒಂದು ವಿಷಯ ತೀರ್ಮಾನ ಮಾಡಿ. ಆ ಸಂದು ಪೂರ್ತಿ ಮಾಯವಾಗಲೇಬೇಕಾ? ಬೇಡ ಅನ್ನುವುದು ನನ್ನ ಸಲಹೆ. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ನೋಡಿ, ಫೆಂಡರ್‌ಗೂ ಬಾಡಿಗೂ ನಡುವೆ ಬೀಡಿಂಗ್ (ಸಂದಿಗೆ ಕೂರಿಸುವ ತೆಳು ಪಟ್ಟಿ) ಇಟ್ಟೇ ಫ್ಯಾಕ್ಟರಿಯಿಂದ ಬರುತ್ತಿತ್ತು. ಯಾರೂ ಅದನ್ನು ಕೊರತೆ ಅನ್ನಲಿಲ್ಲ. ಸಂದು ಎಲ್ಲ ಕಡೆ ಒಂದೇ ಸಮ ಇದ್ದರೆ ಕಣ್ಣು ಒಪ್ಪುತ್ತದೆ. ಒಂದು ಕಡೆ 4, ಇನ್ನೊಂದು ಕಡೆ 15 ಆದಾಗಲೇ ಕೆಲಸ ಕೆಟ್ಟದಾಗಿ ಕಾಣುವುದು. ಹಾಗಾಗಿ ಸಂದನ್ನು ಸಮ ಮಾಡಿ, ರಬ್ಬರ್ ಬೀಡಿಂಗ್ ಕೂರಿಸಿ, ಫ್ಲೇರನ್ನು ಬೋಲ್ಟ್‌ನಲ್ಲಿ ಬಿಗಿಯಿರಿ. ಮುಂದೆ ಎಲ್ಲಾದರೂ ಉಜ್ಜಿಕೊಂಡರೆ ಬಿಚ್ಚಿ ರಿಪೇರಿ ಮಾಡುವುದೂ ಸುಲಭ.

ಸಮ ಮಾಡುವುದು ಹೇಗೆ? ಕೊರತೆ ತುಂಬಬೇಕಾದದ್ದು ಫ್ಲೇರ್‌ನ ಅಂಚಿಗೆ, ಕಾರಿಗಲ್ಲ. ಹಳೇ ಪುಟ್ಟಿಯನ್ನೆಲ್ಲ ಕೆರೆದು ತೆಗೆಯಿರಿ, ಒಂದು ಚೂರೂ ಉಳಿಸಬೇಡಿ. ಫ್ಲೇರ್ ಬಿಚ್ಚಿ ಅಸಿಟೋನ್ ಹಾಕಿ ಒರೆಸಿ. ಅಚ್ಚಿಗೆ ಹಚ್ಚಿದ ಮೇಣ ಇನ್ನೂ ಅದರ ಮೇಲಿರಬಹುದು. ಒರೆಸದೆ ತಿಕ್ಕಿದರೆ ಗೀರುಗಳ ಒಳಗೇ ಮೇಣ ಸೇರಿಕೊಳ್ಳುತ್ತದೆ, ಆಮೇಲೆ ಏನೂ ಹಿಡಿಯುವುದಿಲ್ಲ. ನಂತರ 40 ನಂಬರ್ ಸ್ಯಾಂಡ್ ಪೇಪರ್‌ನಲ್ಲಿ ಅಂಚಿನಿಂದ ನಾಲ್ಕೈದು ಸೆಂ.ಮೀ. ಒಳಗಿನವರೆಗೆ ಇಳಿಜಾರಾಗಿ ತಿಕ್ಕಿ, ಗಾಜಿನ ನಾರು ಕಾಣುವಷ್ಟು.

ಫೆಂಡರ್ ಮೇಲೆ ಬೀಡಿಂಗ್ ದಪ್ಪದ ಪಟ್ಟಿಯೊಂದನ್ನು ಅಂಟಿಸಿ, ಅದರ ಮೇಲೆ ಪ್ಯಾಕಿಂಗ್ ಟೇಪ್ ಸುತ್ತಿ ವ್ಯಾಕ್ಸ್ ಪಾಲಿಶ್ ಹಚ್ಚಿ. ರೆಸಿನ್ ಅದಕ್ಕೆ ಅಂಟುವುದಿಲ್ಲ. ಈಗ ಫ್ಲೇರ್ ವಾಪಸ್ ಬಿಗಿದು, 450 ಗ್ರಾಂ ಮ್ಯಾಟ್‌ನ (ಚದರ ಮೀಟರಿಗೆ ಅಷ್ಟು ತೂಗುವ ಗಾಜಿನ ನಾರಿನ ಹಾಳೆ) ಪಟ್ಟಿಯನ್ನು ರೆಸಿನ್‌ನಲ್ಲಿ ನೆನೆಸಿ ಫ್ಲೇರ್ ಅಂಚಿನಿಂದ ಟೇಪ್ ಮೇಲೆ ಹಾಯುವಂತೆ ಒಂದು ಪದರ ಹಾಕಿ. ಗಟ್ಟಿಯಾದ ಮೇಲೆ ಬಿಚ್ಚಿ, ಹಿಂದಿನಿಂದ ಇನ್ನೆರಡು ಪದರ, ಒಂದಕ್ಕಿಂತ ಒಂದು ಅಗಲವಾಗಿ. ಈ ಮ್ಯಾಟ್ ಒಂದು ಪದರಕ್ಕೆ ಸುಮಾರು 1 ಮಿ.ಮೀ. ದಪ್ಪ ಕೊಡುತ್ತದೆ. ಮೂರಾದರೆ ಸಾಕು. ಆಮೇಲೆ ಅಂಚನ್ನು ಕತ್ತರಿಸಿ ಸರಿ ಮಾಡಿಕೊಳ್ಳಿ.

ಮುಂಭಾಗದಲ್ಲಿ ತಗ್ಗು ಉಳಿದರೆ ಬರೀ ರೆಸಿನ್ ಸುರಿಯಬೇಡಿ. ದಪ್ಪಗೆ ನಿಂತ ರೆಸಿನ್ ಕಾದು ಹೊಗೆ ಬರುತ್ತದೆ, ತಣ್ಣಗಾಗುವಾಗ ಕುಗ್ಗಿ ಸೀಳುತ್ತದೆ. ರೆಸಿನ್‌ಗೆ ಕತ್ತರಿಸಿದ ಗಾಜಿನ ನಾರು, ಸ್ವಲ್ಪ ಏರೋಸಿಲ್ ಪುಡಿ (ರೆಸಿನ್ ಮಂದವಾಗಿಸುವ ನುಣುಪು ಸಿಲಿಕಾ) ಸೇರಿಸಿ ಬೆಣ್ಣೆಯ ಹದಕ್ಕೆ ಕಲಸಿ ತುಂಬಿ. ಕೊನೆಗೆ ಪುಟ್ಟಿ, ತೆಳ್ಳಗೆ. ಪುಟ್ಟಿಗೆ ಹಾರ್ಡನರ್ ನೂರು ಗ್ರಾಮಿಗೆ ಎರಡು ಗ್ರಾಂ ಸಾಕು. ಬೇಗ ಒಣಗಲಿ ಅಂತ ಜಾಸ್ತಿ ಹಾಕಿದರೆ ಅದು ಬಣ್ಣದ ಮೂಲಕ ಮೇಲೆ ಬಂದು ಕಲೆ ಬಿಡುತ್ತದೆ.

ನಮ್ಮ ಟಿಂಕರಿಂಗ್ ಅಂಗಡಿಗಳಲ್ಲಿ ಪುಟ್ಟಿಯನ್ನೂ ನೀರು ಹಾಕಿ ವಾಟರ್ ಪೇಪರ್‌ನಲ್ಲಿ ತಿಕ್ಕುವ ಅಭ್ಯಾಸ ಇದೆ. ದಯವಿಟ್ಟು ಬೇಡ ಅನ್ನಿ. ಪುಟ್ಟಿ ನೀರು ಹೀರುತ್ತದೆ, ಆಮೇಲೆ ಬಣ್ಣದಡಿ ಗುಳ್ಳೆ ಏಳುತ್ತದೆ. ಒಣಗಿದ್ದಾಗಲೇ ತಿಕ್ಕಬೇಕು. ನೀರು ಹಾಕಿ ತಿಕ್ಕುವುದು ಪ್ರೈಮರ್ ಹೊಡೆದ ಮೇಲಷ್ಟೇ. ಬಣ್ಣಕ್ಕೆ ಮುಂಚೆ ಫ್ಲೇರನ್ನು ಕೆಲವು ದಿನ ಬಿಸಿಲಿಗಿಡಿ. ರೆಸಿನ್ ಕುಗ್ಗುವಷ್ಟು ಕುಗ್ಗಿಕೊಳ್ಳಲಿ.

ಇಷ್ಟಾದರೂ ಸಂದೇ ಕಾಣಬಾರದು ಅನ್ನುವುದಾದರೆ ತಗಡನ್ನು ಬಣ್ಣ ಹೋಗುವಂತೆ ತಿಕ್ಕಿ, ಎಪಾಕ್ಸಿ ಪ್ಯಾನಲ್ ಅಂಟಿನಲ್ಲಿ ಕೂರಿಸಬೇಕು, ಮೇಲೆ ಎಪಾಕ್ಸಿಯಲ್ಲೇ ಗಾಜಿನ ಬಟ್ಟೆ. ಕಬ್ಬಿಣಕ್ಕೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲ. ಆಗಲೂ ಗೆರೆ ಕಾಣುವುದೇ ಇಲ್ಲ ಅಂತ ನಾನು ಮಾತು ಕೊಡಲಾರೆ.

ನೀವು ಕೇಳದ ಒಂದು ಮಾತು: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ಸ್ವರೂಪ ಬದಲಿಸುವುದನ್ನು ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ರಸ್ತೆಗಿಳಿಸುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ: ಎರಡು ದಿನವಾದರೂ ರೆಸಿನ್ ಕೈಗೆ ಅಂಟುತ್ತಿದೆ. ಮೇಲೆ ಇನ್ನೊಂದು ಪದರಕ್ಕೆ ಹಾರ್ಡನರ್ ಜಾಸ್ತಿ ಹಾಕಿ ಬಳಿಯಲಾ? (ಶಿವಮೊಗ್ಗದ ಓದುಗರು)

ಉತ್ತರ: ಉಗುರಿನಿಂದ ಒತ್ತಿ ನೋಡಿ. ಒಳಗೆ ಗಟ್ಟಿ, ಮೇಲೆ ಮಾತ್ರ ಅಂಟು ಅಂದರೆ ತೊಂದರೆ ಇಲ್ಲ. ಗಾಳಿ ತಾಗುವ ಮೈ ಪೂರ್ತಿ ಒಣಗದಿರುವುದು ಮ್ಯಾಟ್ ಕೂರಿಸುವ ರೆಸಿನ್‌ನ ಗುಣ. ಅಸಿಟೋನ್‌ನಲ್ಲಿ ಒರೆಸಿ ತಿಕ್ಕಿ, ಮುಂದುವರಿಯಿರಿ. ಒಳಗೂ ಮೆತ್ತಗಿದ್ದರೆ ಹಾರ್ಡನರ್ ಕಡಿಮೆ ಆಗಿದೆ ಅಥವಾ ಸರಿಯಾಗಿ ಕಲಸಿಲ್ಲ. ಮೇಲೆ ಬಳಿದರೆ ಕೆಳಗಿನದು ಗಟ್ಟಿಯಾಗದು, ಕೆರೆದು ತೆಗೆಯಲೇಬೇಕು.

ನಿಮ್ಮ ರೆಸಿನ್ ಜೊತೆ ನೇರಳೆ ಬಣ್ಣದ ಕೋಬಾಲ್ಟ್ (ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ದ್ರವ) ಬಾಟಲಿ ಬೇರೆ ಬಂದಿದ್ದರೆ ಹುಷಾರು. ಮೊದಲು ಅದನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್. ಇವೆರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಹಾರ್ಡನರ್‌ನ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿಗೆ ಅಪಾಯ. ಸೇಫ್ಟಿ ಕನ್ನಡಕ ಹಾಕದೆ ಬಾಟಲಿ ಮುಚ್ಚಳ ತೆಗೆಯಬೇಡಿ. ಬಿದ್ದೇಬಿಟ್ಟರೆ ಕನಿಷ್ಠ 15 ನಿಮಿಷ ನೀರಲ್ಲಿ ತೊಳೆಯುತ್ತಾ ಇರಿ, ಆಮೇಲೆ ಸೀದಾ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಕಂಪನಿ ಬಂಪರ್‌ಗೆ ಫೈಬರ್‌ಗ್ಲಾಸ್ ಲಿಪ್ (ಬಂಪರ್ ಕೆಳಗಿನ ಅಂಚುಪಟ್ಟಿ) ಕೂರಿಸಿ ಸಂದಿಗೆ ಮ್ಯಾಟ್, ರೆಸಿನ್ ಹಾಕಿದೆ. ಸಿಪ್ಪೆಯ ಹಾಗೆ ಎದ್ದು ಬಂತು. (ಹುಬ್ಬಳ್ಳಿಯ ಓದುಗರು)

ಉತ್ತರ: ಬಂಪರ್ ಬಿಚ್ಚಿ ಹಿಂಭಾಗ ನೋಡಿ. ಪಿಪಿ ಅಂತ ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಪಾಲಿಪ್ರೊಪಿಲೀನ್. ಪಾಲಿಯೆಸ್ಟರ್ ರೆಸಿನ್ ಅದಕ್ಕೆ ಅಂಟುವುದೇ ಇಲ್ಲ, ಎಷ್ಟು ತಿಕ್ಕಿದರೂ. ಲಿಪ್‌ನ ಹಿಂದೆ ಅಗಲವಾದ ವಾಷರ್ ಹಾಕಿ ಬೋಲ್ಟ್ ಬಿಗಿಯಿರಿ. ಬೋಲ್ಟ್ ತೂತುಗಳನ್ನು ಸ್ವಲ್ಪ ಉದ್ದುದ್ದ ಕೊರೆದರೆ ಬಿಸಿಲಿಗೆ ಹಿಗ್ಗಲು ಜಾಗ ಸಿಗುತ್ತದೆ.