ಬರಿಗಾಲಲ್ಲಿ ನಿಂತ ಪೆಂಗ್ವಿನ್‌ಗೆ ಚಳಿಯಾಗಲ್ವಾ?

ಪ್ರಶ್ನೆ: ಮೇಷ್ಟ್ರೇ, ಪುನರ್ವಸು ಮಳೆ ಹಿಡಿದರೆ ನಮ್ಮ ಮನೆ ಕೋಳಿಗಳು ಗಡಗಡ ನಡುಗುತ್ತವೆ. ಪೆಂಗ್ವಿನ್ ಕೂಡ ಹಕ್ಕಿಯೇ ತಾನೇ? ಅದು ಬರಿಗಾಲಲ್ಲಿ ಮಂಜುಗಡ್ಡೆ ಮೇಲೆ ಹೇಗೆ ನಿಲ್ಲುತ್ತದೆ? ಮೈತುಂಬ ಕೊಬ್ಬು ಇರುವುದರಿಂದ ಅಂತ ನಮ್ಮ ಮಾವ ಹೇಳುತ್ತಾರೆ. ಅದನ್ನು ಆಗುಂಬೆಗೆ ತಂದು ಸಾಕಬಹುದಾ?
– ಏಳನೇ ತರಗತಿ ವಿದ್ಯಾರ್ಥಿನಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಪುಟ್ಟಿ, ನಿನ್ನ ಪತ್ರ ಓದಿದವನೇ ಹಿತ್ತಿಲಿಗೆ ಹೋಗಿ ನಮ್ಮ ಕೋಳಿಯೊಂದನ್ನು ಹಿಡಿದೆ. ನೀನೂ ಹಿಡಿ. ಎದೆಯ ಗರಿ ಮೇಲೆ ಉಫ್ ಅಂತ ಊದು. ಮೇಲಿನ ಗರಿ ಸರಿದು, ಬುಡದಲ್ಲಿ ಅರಳೆಯಂಥ ತುಪ್ಪುಳ ಕಾಣುತ್ತದೆ. ಬೆರಳಿಟ್ಟರೆ ಬೆಚ್ಚಗಿರುತ್ತದೆ. ಆ ಬಿಸಿ ತುಪ್ಪುಳದ್ದಲ್ಲ, ಕೋಳಿಯ ಮೈಯದು. ತುಪ್ಪುಳದ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಅದನ್ನು ಹೊರಗೆ ಬಿಡುವುದಿಲ್ಲ. ನಟ್ಟಿ ಗದ್ದೆಗೆ ಹೋಗುವಾಗ ನಮ್ಮ ಅಜ್ಜ ಹಾಕುತ್ತಿದ್ದ ಕಂಬಳಿ ಕೊಪ್ಪೆಯದೂ ಇದೇ ಕೆಲಸ. ಕಂಬಳಿಗೆ ಸ್ವಂತ ಬಿಸಿ ಎಲ್ಲಿಂದ ಬರಬೇಕು?

ನಿಮ್ಮ ಕೋಳಿ ನಡುಗುವುದು ನೆನೆದದ್ದಕ್ಕೆ. ನೀರು ಒಳಗೆ ಇಳಿದರೆ ತುಪ್ಪುಳ ಮೈಗೆ ಅಂಟಿಕೊಳ್ಳುತ್ತದೆ, ಗಾಳಿಗೆ ಜಾಗವೇ ಇರುವುದಿಲ್ಲ. ಪೆಂಗ್ವಿನ್ ಇದಕ್ಕೆ ಅವಕಾಶ ಕೊಡುವುದಿಲ್ಲ. ಅದರ ಮೇಲಿನ ಗರಿಗಳು ಗಿಡ್ಡ, ಗಟ್ಟಿ. ಮಾಡಿಗೆ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಬಾಲದ ಬುಡದ ಗ್ರಂಥಿಯಿಂದ ಬರುವ ಎಣ್ಣೆಯನ್ನು ಕೊಕ್ಕಿನಿಂದ ಗರಿಗೆಲ್ಲ ಸವರಿಕೊಳ್ಳುತ್ತದೆ. ಮಳೆಗಾಲದಲ್ಲಿ ಮಂಡಗದ್ದೆಗೆ ಹೋದರೆ ತುಂಗೆಯ ನಡುಗಡ್ಡೆ ಮರಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿ ಒಣಗಿಸಿಕೊಳ್ಳುವುದನ್ನು ನೋಡಬಹುದು. ಅವುಗಳ ಹೊರಗರಿ ನೆನೆಯುತ್ತದೆ. ಪೆಂಗ್ವಿನ್ ಸಮುದ್ರದಿಂದ ಎದ್ದು ಬಂದರೂ ಒಳಗಿನ ತುಪ್ಪುಳ ಒಣಗಿಯೇ ಇರುತ್ತದೆ.

ಮಾವ ಹೇಳಿದ್ದು ಪೂರ್ತಿ ತಪ್ಪಲ್ಲ. ಚರ್ಮದ ಕೆಳಗೆ 2–3 ಸೆಂಟಿಮೀಟರ್ ಕೊಬ್ಬು ಇರುತ್ತದೆ. ಆಳಕ್ಕೆ ಮುಳುಗಿದಾಗ ನೀರಿನ ಒತ್ತಡಕ್ಕೆ ಗರಿಯೊಳಗಿನ ಗಾಳಿ ಕುಗ್ಗುತ್ತದೆ, ಆಗ ಕೊಬ್ಬೇ ಆಸರೆ. ಅದು ಬುತ್ತಿಯೂ ಹೌದು. ಅಂಟಾರ್ಕ್ಟಿಕಾದ ಎಂಪರರ್ ಎಂಬ ಜಾತಿಯ ಪೆಂಗ್ವಿನ್‌ನಲ್ಲಿ ಮೊಟ್ಟೆ ಕಾಯುವುದು ಅಪ್ಪ. ಪಾದದ ಮೇಲೆ ಮೊಟ್ಟೆ ಇಟ್ಟುಕೊಂಡು, ಹೊಟ್ಟೆಯ ಚರ್ಮದ ಮಡಿಕೆ ಹೊದಿಸಿ, ಸುಮಾರು 65 ದಿನ. ಅದಕ್ಕೂ ಮೊದಲಿನ ದಿನಗಳನ್ನು ಸೇರಿಸಿದರೆ ಹತ್ತಿರ ಹತ್ತಿರ ನಾಲ್ಕು ತಿಂಗಳು ಊಟವಿಲ್ಲ. ನೆನೆಸಿಕೊಂಡರೆ ಸಂಕಟವಾಗುತ್ತದೆ. ಆದರೆ ನೆಲದ ಮೇಲೆ ಚಳಿ ತಡೆಯುವುದರಲ್ಲಿ ಹೆಚ್ಚಿನ ಪಾಲು ಗರಿಗಳದ್ದೇ.

ಈಗ ಕಾಲು. ನಿನ್ನ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಚಿಕ್ಕವನಿದ್ದಾಗ ಗದ್ದೆಯ ಕೆಸರಲ್ಲಿ ನಿಂತು ಬೆರಳು ಮರಗಟ್ಟಿದರೆ ಅಮ್ಮ ಬಚ್ಚಲೊಲೆ ಮುಂದೆ ಕೂರಿಸುತ್ತಿದ್ದಳು. ಪೆಂಗ್ವಿನ್‌ಗೆ ಬಚ್ಚಲೊಲೆ ಇಲ್ಲವಲ್ಲ. ಅದು ಕಾಲನ್ನು ಬೆಚ್ಚಗಿಡುವ ಗೋಜಿಗೇ ಹೋಗುವುದಿಲ್ಲ, ತಣ್ಣಗೇ ಇರಲು ಬಿಡುತ್ತದೆ.

ಹೇಗೆ ಅಂತೀಯಾ? ಹಂಡೆಯಿಂದ ಬಿಸಿನೀರು ಬರುವ ಪೈಪಿಗೆ ತಣ್ಣೀರಿನ ಪೈಪನ್ನು ಉದ್ದಕ್ಕೂ ಒತ್ತಿ ಕಟ್ಟಿದ್ದೀವಿ ಅಂದುಕೋ. ಬಿಸಿನೀರು ಈ ಕಡೆಗೆ, ತಣ್ಣೀರು ಆ ಕಡೆಗೆ. ಹೋಗುತ್ತಾ ಹೋಗುತ್ತಾ ಬಿಸಿನೀರಿನ ಬಿಸಿ ತಣ್ಣೀರಿಗೆ ದಾಟುತ್ತದೆ. ಪೆಂಗ್ವಿನ್ ಕಾಲಿನಲ್ಲಿ ರಕ್ತನಾಳಗಳು ಹೀಗೇ ಒಂದಕ್ಕೊಂದು ತಾಗಿಕೊಂಡಿವೆ. ಮೈಯ ಬಿಸಿ 38 ಡಿಗ್ರಿ ಆಸುಪಾಸು. ಅಲ್ಲಿಂದ ಕೆಳಗಿಳಿಯುವ ರಕ್ತ ತನ್ನ ಬಿಸಿಯನ್ನು ಮೇಲೆ ಹೋಗುವ ರಕ್ತಕ್ಕೆ ದಾಟಿಸಿ, ತಾನು ತಣ್ಣಗಾಗಿ ಪಾದ ಸೇರುತ್ತದೆ. ಬಿಸಿ ಮಂಜಿಗೆ ಹೋಗುವ ಬದಲು ಮೈಗೇ ವಾಪಸ್. ಪಾದ ಸೊನ್ನೆ ಡಿಗ್ರಿಗಿಂತ ಚೂರೇ ಮೇಲೆ ಇರುತ್ತದೆ. ಹೆಪ್ಪುಗಟ್ಟದಿರಲು ಅಷ್ಟು ಸಾಕು. ಪಾದ ಆಡಿಸುವ ಸ್ನಾಯುಗಳೂ ಮೇಲೆ, ಬೆಚ್ಚಗಿರುವ ಕಡೆಯೇ ಇವೆ. ತೀರಾ ಚಳಿಯಾದರೆ ಬೆರಳೆತ್ತಿ, ಹಿಮ್ಮಡಿ ಮತ್ತು ಬಾಲದ ಮೇಲೆ ಭಾರ ಹಾಕಿ ನಿಲ್ಲುತ್ತದೆ.

ಮೈನಸ್ 40 ಡಿಗ್ರಿಯಲ್ಲಿ ಗಾಳಿಯೂ ಬೀಸಿದರೆ ಇಷ್ಟೂ ಸಾಲದು. ಆಗ ಎಂಪರರ್‌ಗಳು ನೂರಾರು, ಸಾವಿರಾರು ಒತ್ತಾಗಿ ಗುಂಪುಗೂಡುತ್ತವೆ. ನಡುವೆ 37 ಡಿಗ್ರಿವರೆಗೂ ಬಿಸಿ ಏರುತ್ತದೆ. ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಎಲ್ಲವೂ ಕೆಲವೇ ಸೆಂಟಿಮೀಟರಿನ ಪುಟ್ಟ ಹೆಜ್ಜೆ ಇಡುತ್ತವೆ. ಹಾಗೆ ಸರಿಯುತ್ತಾ ಹೊರಗಿದ್ದವು ಒಳಗಾಗುತ್ತವೆ, ಒಳಗಿದ್ದವು ಹೊರಗಾಗುತ್ತವೆ. ಸೆಖೆ ಜಾಸ್ತಿಯಾದರೆ ಗುಂಪು ಒಡೆಯುತ್ತದೆ. ಆಗ ನಡುವಿನಿಂದ ಹಬೆ ಏಳುತ್ತದೆ, ಅನ್ನದ ಪಾತ್ರೆಯ ಮುಚ್ಚಳ ತೆಗೆದ ಹಾಗೆ.

ಆಗುಂಬೆಗೆ ತರುವುದು ಬೇಡ, ಪುಟ್ಟಿ. ಎಂಪರರ್‌ಗೆ ನಮ್ಮ ಚಳಿಗಾಲವೂ ಸುಡು ಬೇಸಿಗೆ. ಬಿಸಿಲಿನ ದಿನ ಅಂಟಾರ್ಕ್ಟಿಕಾದಲ್ಲೇ ಅದು ಸೆಖೆ ತಾಳದೆ ಮಂಜು ತಿನ್ನುತ್ತದೆ. ಹಾಗಂತ ಎಲ್ಲ ಪೆಂಗ್ವಿನ್‌ಗಳೂ ಮಂಜಿನಲ್ಲೇ ಇಲ್ಲ. ಸಮಭಾಜಕ ವೃತ್ತದ ಹತ್ತಿರ, ಗ್ಯಾಲಪಗೋಸ್ ದ್ವೀಪಗಳಲ್ಲಿ ಅರ್ಧ ಮೀಟರ್ ಎತ್ತರದ ಪುಟ್ಟ ಪೆಂಗ್ವಿನ್‌ಗಳಿವೆ. ಸುಡುವ ಬಂಡೆ ಮೇಲೆ ನಿಂತು, ನಾಯಿಯ ಹಾಗೆ ಬಾಯಿ ತೆರೆದು ತೇಕುತ್ತವೆ. ಎರಡೂ ರೆಕ್ಕೆ ಅಗಲಿಸಿ ಬಾಗುತ್ತವೆ. ಬರಿ ಪಾದಕ್ಕೆ ಬಿಸಿಲು ಬೀಳದಿರಲಿ ಅಂತ ನೆರಳು ಹಿಡಿಯುವುದು.