ವಿಂಡೋಸ್ 11: ಏರಿಸುವುದೋ, ಇದ್ದದ್ದರಲ್ಲೇ ಇರುವುದೋ?

ಪ್ರಶ್ನೆ: 2019ರಲ್ಲಿ ಕೊಂಡ ಲ್ಯಾಪ್‌ಟಾಪ್. ಇಂಟೆಲ್ ಐ5-8250ಯು, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್. ವಿಂಡೋಸ್ ಇಲ್ಲದ, ಡಾಸ್ ಇದ್ದ ಮಾಡೆಲ್ ಕೊಂಡು ಅಂಗಡಿಯಲ್ಲೇ ವಿಂಡೋಸ್ 10 ಹಾಕಿಸಿದ್ದೆ. ವಿಂಡೋಸ್ 11ಕ್ಕೆ ಹೋಗಲು ನೋಡಿದರೆ ಈ ಪಿಸಿಗೆ ಆಗುವುದಿಲ್ಲ ಎಂದು ಬರುತ್ತಿದೆ. ಹೊಸದನ್ನೇ ಕೊಳ್ಳಬೇಕೆ? (ಹಾಸನ)

ಉತ್ತರ: ಬೇಡ. ನಿಮ್ಮ ಪ್ರೊಸೆಸರ್ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿದೆ. 8250ರ ಮೊದಲ ಅಂಕಿ 8, ಅಂದರೆ ಎಂಟನೇ ತಲೆಮಾರು. ಇಂಟೆಲ್‌ನಲ್ಲಿ ಒಂದೆರಡು ಅಪವಾದ ಬಿಟ್ಟರೆ ಗಡಿರೇಖೆ ಅದೇ. ತೊಡಕು ಬಹುಶಃ ವಿಂಡೋಸ್ ಹಾಕಿದ ಬಗೆಯಲ್ಲಿದೆ. ಡಾಸ್ ಲ್ಯಾಪ್‌ಟಾಪ್‌ಗಳಿಗೆ ಅಂಗಡಿಯಲ್ಲಿ ಹಳೆಯ ಲೆಗಸಿ ಮೋಡ್‌ನಲ್ಲಿ ವಿಂಡೋಸ್ ಹಾಕಿಕೊಡುವುದುಂಟು. ವಿಂಡೋಸ್ 11ಕ್ಕೆ ಯುಇಎಫ್‌ಐ (ಲೆಗಸಿಯ ಜಾಗಕ್ಕೆ ಬಂದ ಹೊಸ ಬೂಟ್ ವಿಧಾನ), ಸೆಕ್ಯೂರ್ ಬೂಟ್ (ನಂಬಲರ್ಹ ತಂತ್ರಾಂಶವನ್ನಷ್ಟೇ ಬೂಟ್ ಆಗಲು ಬಿಡುವ ಕಾವಲು) ಮತ್ತು ಟಿಪಿಎಂ 2.0 (ಗುಪ್ತ ಕೀಗಳನ್ನು ಕಾಯುವ ಭದ್ರತಾ ಘಟಕ) ಬೇಕು.

ವಿಂಡೋಸ್ ಕೀ ಜೊತೆ ಆರ್ ಒತ್ತಿ, ‘ಎಂಎಸ್‌ಇನ್ಫೋ32’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ‘ಬಯೋಸ್ ಮೋಡ್’ ಸಾಲಿನಲ್ಲಿ ‘ಲೆಗಸಿ’ ಎಂದಿದ್ದರೆ ಕಾರಣ ಸಿಕ್ಕಂತೆ. ಹಾಗೆಯೇ ‘ಟಿಪಿಎಂ ಡಾಟ್ ಎಂಎಸ್‌ಸಿ’ ತೆರೆದಾಗ ಟಿಪಿಎಂ ಇಲ್ಲ ಎಂದರೂ ಗಾಬರಿ ಬೇಡ. ಇಂಟೆಲ್‌ನಲ್ಲಿ ಅದು ಪ್ರೊಸೆಸರ್ ಜೊತೆಗೇ ‘ಪಿಟಿಟಿ’ ಎಂಬ ಹೆಸರಲ್ಲಿ ಬರುತ್ತದೆ, ಎಎಂಡಿಯಲ್ಲಿ ‘ಎಫ್‌ಟಿಪಿಎಂ’. ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ, ಯಂತ್ರದ ಮೂಲ ಸೆಟ್ಟಿಂಗ್ ಪರದೆ) ಆಫ್ ಆಗಿರುತ್ತದೆ, ಅಷ್ಟೆ.

ಇಲ್ಲಿ ಹೆಚ್ಚಿನವರು ಎಡವುವುದು ಕೆಲಸದ ಕ್ರಮದಲ್ಲಿ. ಬಯೋಸ್‌ಗೆ ಹೋಗಿ ಲೆಗಸಿಯನ್ನು ಯುಇಎಫ್‌ಐಗೆ ತಿರುಗಿಸಿಬಿಡುತ್ತಾರೆ, ಮರುಕ್ಷಣ ‘ಬೂಟ್ ಡಿವೈಸ್ ಇಲ್ಲ’ ಎಂಬ ಕಪ್ಪು ಪರದೆ. ಡಿಸ್ಕ್ ಇನ್ನೂ ಹಳೆಯ ಎಂಬಿಆರ್ ವಿಂಗಡಣೆಯಲ್ಲಿರುವುದರಿಂದ ಹೀಗಾಗುತ್ತದೆ. ಡೇಟಾ ಎಲ್ಲೂ ಹೋಗಿರುವುದಿಲ್ಲ. ಮತ್ತೆ ಲೆಗಸಿಗೆ ತಂದರೆ ಎಂದಿನಂತೆ ಬೂಟ್ ಆಗುತ್ತದೆ. ಡಿಸ್ಕನ್ನು ಯುಇಎಫ್‌ಐಗೆ ಬೇಕಾದ ಜಿಪಿಟಿ ವಿಂಗಡಣೆಗೆ ಬದಲಿಸಲು ವಿಂಡೋಸ್‌ನಲ್ಲೇ ‘ಎಂಬಿಆರ್2ಜಿಪಿಟಿ’ ಎಂಬ ಸಲಕರಣೆ ಇದೆ. ಆದರೆ ಅದು ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಶನ್ ಇರುವ ಡಿಸ್ಕನ್ನು ಮುಟ್ಟುವುದಿಲ್ಲ.

ನಿಮಗೆ ಆ ದಾರಿಯೇ ಬೇಡ ಎನ್ನುತ್ತೇವೆ. 11ನ್ನು ತಿರುಗುವ ಹಾರ್ಡ್‌ಡಿಸ್ಕ್ ಮೇಲೆ ಓಡಿಸಿದರೆ ಲಾಗಿನ್ ಆದ ಮೇಲೂ ಕೆಲವು ನಿಮಿಷ ಡಿಸ್ಕ್ 100% ತೋರಿಸುತ್ತ ಗರಗರ ಎನ್ನುತ್ತಿರುತ್ತದೆ. ಮೊದಲು ಒಂದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಿ. 256 ಜಿಬಿ ಸಾಲುತ್ತದೆ, ಫೋಟೊ–ವಿಡಿಯೊ ತುಂಬ ಇದ್ದರೆ 512. ಎಂ.2 ಸ್ಲಾಟ್ (ಪಟ್ಟಿಯಂಥ ಎಸ್‌ಎಸ್‌ಡಿ ಕೂರುವ ಜಾಗ) ಇದ್ದರೆ ಅದು ಎನ್‌ವಿಎಂಇ ಬಗೆಯದನ್ನು ತೆಗೆದುಕೊಳ್ಳುತ್ತದೋ ಸಾಟಾ ಬಗೆಯದನ್ನು ಮಾತ್ರವೋ ಎಂದು ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ನೋಡಿಯೇ ಕೊಳ್ಳಿ. ಎರಡೂ ನೋಡಲು ಹೆಚ್ಚುಕಡಿಮೆ ಒಂದೇ ಥರ, ಒಂದರ ಬದಲು ಇನ್ನೊಂದು ತಂದರೆ ಬಯೋಸ್ ಗುರುತಿಸುವುದಿಲ್ಲ. ಸ್ಲಾಟ್ ಇಲ್ಲದಿದ್ದರೆ ಹಾರ್ಡ್‌ಡಿಸ್ಕ್ ಜಾಗದಲ್ಲೇ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಕೂರುತ್ತದೆ.

ಮೈಕ್ರೋಸಾಫ್ಟ್ ತಾಣದ ಮೀಡಿಯಾ ಕ್ರಿಯೇಶನ್ ಟೂಲ್‌ನಿಂದ ಕನಿಷ್ಠ 8 ಜಿಬಿಯ ಪೆನ್‌ಡ್ರೈವ್‌ನಲ್ಲಿ ಇನ್‌ಸ್ಟಾಲರ್ ಮಾಡಿಕೊಳ್ಳಿ, ಪೆನ್‌ಡ್ರೈವ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಹಳೆಯ ಡಿಸ್ಕನ್ನು ಬಿಚ್ಚಿಟ್ಟು, ಬಯೋಸ್‌ನಲ್ಲಿ ಯುಇಎಫ್‌ಐ, ಸೆಕ್ಯೂರ್ ಬೂಟ್, ಪಿಟಿಟಿ ಮೂರನ್ನೂ ಆನ್ ಮಾಡಿ, ಖಾಲಿ ಎಸ್‌ಎಸ್‌ಡಿಗೆ ಹೊಸದಾಗಿ ಹಾಕಿ. ಆಗ ಎಂಬಿಆರ್ ಗೋಜಲೇ ಇಲ್ಲ, ಹಳೆಯ ಡಿಸ್ಕ್ ಇದ್ದಂತೆಯೇ ಬ್ಯಾಕಪ್ ಆಗಿ ಉಳಿಯುತ್ತದೆ. ಅದನ್ನು ಯುಎಸ್‌ಬಿ ಕೇಸ್‌ಗೆ ಹಾಕಿ ಫೈಲ್‌ಗಳನ್ನು ನಕಲು ಮಾಡಿಕೊಳ್ಳಿ. ಹೋಮ್ ಆವೃತ್ತಿ ಸೆಟಪ್ ನಡುವೆ ಇಂಟರ್ನೆಟ್ ಕೇಳುತ್ತದೆ. ವೈಫೈ ಡ್ರೈವರ್ ಸಿಗದೆ ಅಲ್ಲೇ ನಿಂತರೆ ಮೊಬೈಲನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಕೊಡಿ.

ಒಂದು ಮಾತು: ಶುರು ಮಾಡುವ ಮುನ್ನ ಹಳೆಯ ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ‘ಆ್ಯಕ್ಟಿವೇಶನ್’ ನೋಡಿ. ಅಂಗಡಿಯಲ್ಲಿ ಹಾಕಿದ್ದು ಲೈಸೆನ್ಸ್ ಇಲ್ಲದ್ದಾಗಿದ್ದರೆ 11ಕ್ಕೆ ಹೋದ ಮಾತ್ರಕ್ಕೆ ಅದು ಅಸಲಿ ಆಗುವುದಿಲ್ಲ.

ಪ್ರಶ್ನೆ: ಐ3-5005ಯು, 4 ಜಿಬಿ. ಮಕ್ಕಳ ಓದಿಗೆ ಮತ್ತು ಬ್ಯಾಂಕ್ ಕೆಲಸಕ್ಕೆ ಬಳಸುತ್ತೇವೆ. ಅಡ್ಡದಾರಿಯಲ್ಲಿ 11 ಹಾಕಿಕೊಡುತ್ತೇವೆ ಎನ್ನುತ್ತಾರೆ. ಹಾಕಿಸಬಹುದೆ? (ಸಾಗರ)

ಉತ್ತರ: ನಿಮ್ಮ ಪ್ರೊಸೆಸರ್ ಐದನೇ ತಲೆಮಾರಿನದು, ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿಲ್ಲ. ತಪಾಸಣೆಯನ್ನು ದಾಟಿಸಿ ಹಾಕಲು ಬರುತ್ತದೆ, ಓಡುತ್ತದೆ ಕೂಡ. ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಕೊಡುವ ಹೊಣೆ ತನ್ನದಲ್ಲ ಎಂದು ಮೈಕ್ರೋಸಾಫ್ಟ್ ಹೇಳಿದೆ, ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಯನ್ನು ಪ್ರತಿ ಸಲ ಕೈಯಾರೆ ಹಾಕಬೇಕಾಗುತ್ತದೆ. ಬ್ಯಾಂಕ್ ಕೆಲಸ ಇರುವಲ್ಲಿ ನಮ್ಮ ಸಲಹೆ, ಬೇಡ.

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಎಸ್‌ಯು (ವಿಸ್ತರಿತ ಭದ್ರತಾ ಅಪ್‌ಡೇಟ್) ಯೋಜನೆಗೆ ಸೇರಿದ ಮನೆಬಳಕೆಯ ಪಿಸಿಗಳಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತೇಪೆಗಳು ಸಿಗುತ್ತವೆ. ಆವೃತ್ತಿ 22ಎಚ್2 ಇರಬೇಕು, ಮೈಕ್ರೋಸಾಫ್ಟ್ ಅಕೌಂಟ್ ಬೇಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಸೇರುವ ಕೊಂಡಿ ಕಾಣುತ್ತದೆ. 30 ಡಾಲರ್ ಕೊಡುವ ಬದಲು ವಿಂಡೋಸ್ ಬ್ಯಾಕಪ್‌ನಲ್ಲಿ ಸೆಟ್ಟಿಂಗ್‌ಗಳನ್ನು ಸಿಂಕ್ ಮಾಡಿದರೆ ಹಣವಿಲ್ಲದೆ ಸೇರಬಹುದು. ವಿಂಡೋಸ್‌ನ ಆ್ಯಂಟಿವೈರಸ್ ಆದ ಡಿಫೆಂಡರ್‌ನ ವೈರಸ್ ಪಟ್ಟಿ 2028ರ ಅಕ್ಟೋಬರ್‌ವರೆಗೆ ಬರುತ್ತಿರುತ್ತದೆ ಎಂದು ನೆಮ್ಮದಿಯಾಗಿ ಕೂರಬೇಡಿ. ವಿಂಡೋಸ್‌ನಲ್ಲೇ ಬಿದ್ದ ತೂತನ್ನು ಆ ಪಟ್ಟಿ ಮುಚ್ಚುವುದಿಲ್ಲ.

ಇಎಸ್‌ಯು ಗಡುವಿನ ನಂತರ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿ. ಬ್ರೌಸರ್ ಮತ್ತು ಲಿಬ್ರೆ ಆಫೀಸ್ ಸಾಕು ಎನ್ನುವ ಮನೆಗೆ ತೊಂದರೆಯಿಲ್ಲ. ಮೊದಲು ಪೆನ್‌ಡ್ರೈವ್‌ನಿಂದಲೇ ಲೈವ್ ಓಡಿಸಿ ವೈಫೈ, ಧ್ವನಿ, ಪ್ರಿಂಟರ್ ಪರೀಕ್ಷಿಸಿ. ರ‍್ಯಾಮ್ ಸ್ಲಾಟ್ ಇದ್ದರೆ 4 ಜಿಬಿ ಡಿಡಿಆರ್3ಎಲ್ ಸೇರಿಸಿ. ಎಲ್ ಅಕ್ಷರ ಮರೆಯಬೇಡಿ, ಅದು 1.35 ವೋಲ್ಟ್‌ನದು.

ಪ್ರಶ್ನೆ: ನಮ್ಮ ಡಿಟಿಪಿ ಸೆಂಟರ್‌ನ ಲ್ಯಾಪ್‌ಟಾಪ್‌ನಲ್ಲಿ 32 ಬಿಟ್‌ನ ವಿಂಡೋಸ್ 10 ಇದೆ. ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಹತ್ತು ವರ್ಷದ ಫೈಲ್‌ಗಳಿವೆ. 11 ಹಾಕಿದರೆ ಏನಾಗುತ್ತದೆ? (ಧಾರವಾಡ)

ಉತ್ತರ: 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಹಾಗಾಗಿ ಮೇಲೇರಿಸುವುದು ಸಾಧ್ಯವಿಲ್ಲ, ಪೂರ್ತಿ ಹೊಸದಾಗಿ ಹಾಕಬೇಕು. ಪ್ರೋಗ್ರಾಂ, ಫಾಂಟ್ ಎಲ್ಲ ಹೋಗುತ್ತವೆ. ಫಾಂಟ್ಸ್ ಫೋಲ್ಡರಿನ ನುಡಿ ಫಾಂಟ್‌ಗಳನ್ನು ಮೊದಲೇ ನಕಲು ಮಾಡಿಡಿ. ಅವು ಆಸ್ಕಿ ಸಂಕೇತದವು, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದವು. ಆ ಫಾಂಟ್ ಇಲ್ಲದ ಕಡೆ ಫೈಲ್ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. 16 ಬಿಟ್ ಕಾಲದ ಪ್ರೋಗ್ರಾಂಗಳು 64 ಬಿಟ್ ವಿಂಡೋಸ್‌ನಲ್ಲಿ ಏಳುವುದೇ ಇಲ್ಲ. ಅಂಥದ್ದೇನಾದರೂ ಬಳಸುತ್ತಿದ್ದರೆ ಈ ಯಂತ್ರವನ್ನು ಹೀಗೇ ಬಿಟ್ಟು, ಇಂಟರ್ನೆಟ್ ಕಿತ್ತು, ಗಿರಾಕಿಗಳ ಪೆನ್‌ಡ್ರೈವ್‌ಗಳನ್ನು ಇನ್ನೊಂದು ಪಿಸಿಯಲ್ಲಿ ಸ್ಕ್ಯಾನ್ ಮಾಡಿಯೇ ಹಾಕಿ. ಹಳೆಯ ಪುಟಗಳನ್ನು ಬಿಡುವಾದಾಗ ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಮಾತ್ರ ಕಣ್ಣಿಂದ ತಿದ್ದಿ.

ಪ್ರಶ್ನೆ: 11ಕ್ಕೆ ಹೋಗಿ ಹಿಡಿಸದಿದ್ದರೆ ವಾಪಸು ಬರಬಹುದೆ? (ಬಳ್ಳಾರಿ)

ಉತ್ತರ: 10 ದಿನದೊಳಗೆ, ಸೆಟ್ಟಿಂಗ್ಸ್‌ನ ‘ರಿಕವರಿ’ಯಲ್ಲಿ ‘ಗೋ ಬ್ಯಾಕ್’ ಒತ್ತಿ. ಜಾಗ ಸಾಲದು ಎಂದು ಅಷ್ಟರಲ್ಲಿ ಹಳೆಯ ವಿಂಡೋಸ್ ಇರುವ ‘ವಿಂಡೋಸ್ ಡಾಟ್ ಓಲ್ಡ್’ ಫೋಲ್ಡರ್ ಅಳಿಸಿದಿರೋ, ಆ ಬಾಗಿಲು ಮುಚ್ಚಿತು. ಏರಿಸುವ ಮುನ್ನ, ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿರುವ 48 ಅಂಕಿಯ ಬಿಟ್‌ಲಾಕರ್ ಕೀಯನ್ನು ಕಾಗದದ ಮೇಲೆ ಬರೆದಿಡಿ. ಬಯೋಸ್‌ನಲ್ಲಿ ಏನಾದರೂ ಬದಲಿಸಿದ ಮೇಲೆ ಯಂತ್ರ ಅದನ್ನೇ ಕೇಳಬಹುದು.