ಕಾರವಾರ–ಹುಬ್ಬಳ್ಳಿ ಮಾರ್ಗದಲ್ಲಿ ಓಡುವ ಲಾರಿಗೆ ಎಂಥ ಡ್ಯಾಶ್ ಕ್ಯಾಮೆರಾ ಕೊಳ್ಳಬೇಕು?

ಮುಂಗಾಜಿನ ಹಿಂದೆ ಕೂತು ರಸ್ತೆಯನ್ನು ಸದಾ ಚಿತ್ರೀಕರಿಸುವ ಈ ಕ್ಯಾಮೆರಾ ಕೊಳ್ಳುವಾಗ ಮೊದಲು ವೋಲ್ಟೇಜ್ ನೋಡಿ. ಕಾರಿನ ವಿದ್ಯುತ್ ವ್ಯವಸ್ಥೆ 12 ವೋಲ್ಟ್, ಭಾರಿ ಲಾರಿಗಳದ್ದು ಸಾಮಾನ್ಯವಾಗಿ 24. ನಿಮ್ಮ ಲಾರಿಯ ವೋಲ್ಟೇಜ್‌ಗೆ ಹೊಂದದ ಕ್ಯಾಮೆರಾ ಎಷ್ಟೇ ಅಗ್ಗವಾಗಿದ್ದರೂ ಬೇಡ.

ನಮ್ಮ ಕರಾವಳಿಯಲ್ಲಿ ನಾನು ಹೆಚ್ಚು ಒತ್ತು ಕೊಡುವುದು ಶಾಖಕ್ಕೆ. ಏಪ್ರಿಲ್ ಬಿಸಿಲಿನಲ್ಲಿ ಬಂದರಿನ ಹೊರಗೆ ಸರದಿಗಾಗಿ ನಿಂತ ಲಾರಿಯ ಗಾಜಿನ ಹಿಂದೆ ಕ್ಯಾಮೆರಾದೊಳಗಿನ ಲಿಥಿಯಂ ಬ್ಯಾಟರಿ ಉಬ್ಬಿ ಕೆಡಬಹುದು. ಬ್ಯಾಟರಿಯ ಬದಲು ಸೂಪರ್ ಕೆಪಾಸಿಟರ್ (ವಿದ್ಯುತ್ತನ್ನು ಅಲ್ಪಕಾಲ ಹಿಡಿದಿಡುವ ಬಿಡಿಭಾಗ) ಇರುವ ಮಾದರಿ ಆ ಕಾವನ್ನು ಚೆನ್ನಾಗಿ ತಾಳುತ್ತದೆ. ಮೆಮೊರಿ ಕಾರ್ಡ್ ಕೂಡ 'ಹೈ ಎಂಡ್ಯೂರೆನ್ಸ್' ದರ್ಜೆಯದೇ ಆಗಲಿ. ದಿನವಿಡೀ ಅಳಿಸಿ ಬರೆಯುವ ಕೆಲಸಕ್ಕೆ ಸಾಮಾನ್ಯ ಕಾರ್ಡ್ ಬೇಗ ಸವೆಯುತ್ತದೆ.

ಚಿತ್ರದ ಸ್ಪಷ್ಟತೆಯನ್ನು ಹೇಳುವ 4ಕೆ ಎಂಬ ಅಂಕಿಗೆ ಮರುಳಾಗಬೇಡಿ. ಈ ದಾರಿಯ ಅರಬೈಲ್ ಘಟ್ಟದ ಮಳೆ, ಮಂಜು, ಎದುರಿನ ವಾಹನದ ಪ್ರಖರ ದೀಪಗಳ ನಡುವೆ ನಂಬರ್ ಪ್ಲೇಟ್ ಕಾಣಿಸಬೇಕಾದರೆ ಬೆಳಕನ್ನು ಚಿತ್ರವಾಗಿಸುವ ಒಳ್ಳೆಯ ಸೆನ್ಸರ್ ಬೇಕು. ರಾತ್ರಿಯ ಮಾದರಿ ವಿಡಿಯೊ ನೋಡಿಯೇ ತೀರ್ಮಾನಿಸಿ. ಕುಲುಕಾಟ, ಡಿಕ್ಕಿಯನ್ನು ಗುರುತಿಸುವ ಜಿ-ಸೆನ್ಸರ್‌ನ ಸೂಕ್ಷ್ಮತೆಯನ್ನು ಕಡಿಮೆ ಇಡಿ. ಇಲ್ಲದಿದ್ದರೆ ರಸ್ತೆಯ ಪ್ರತಿ ಗುಂಡಿಗೂ ವಿಡಿಯೊ ಅಳಿಸಿಹೋಗದಂತೆ ಲಾಕ್ ಆಗಿ ಕಾರ್ಡ್ ತುಂಬಿಹೋಗುತ್ತದೆ. ಸ್ಥಳ, ವೇಗ ದಾಖಲಾಗಲು ಜಿಪಿಎಸ್ ಇರಲಿ.

ಅಪಘಾತವಾದರೆ ಕಾರ್ಡನ್ನು ಕೂಡಲೇ ತೆಗೆದು ಜೋಪಾನವಾಗಿಡಿ. ದೃಶ್ಯದ ಪ್ರತಿಯನ್ನು ನ್ಯಾಯಾಲಯಕ್ಕೆ ಸಲ್ಲಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನ ಪ್ರಮಾಣಪತ್ರ (ವಿದ್ಯುನ್ಮಾನ ದಾಖಲೆಯನ್ನು ದೃಢೀಕರಿಸುವ ಪತ್ರ) ಬೇಕಾಗುತ್ತದೆ. ಅದನ್ನು ವಕೀಲರ ಮೂಲಕ ಸಿದ್ಧಪಡಿಸಿಕೊಳ್ಳಿ.